ಎಲೆಕ್ಟ್ರಿಕ್ ಗಿಟಾರ್ ಆಂಪ್‌ಗೆ ಯಾವ ಸ್ಪೀಕರ್, ಎಂಥ ಕ್ಯಾಬಿನೆಟ್? ಪದೇ ಪದೇ ಕೇಳುವ ಪ್ರಶ್ನೆಗಳು

ಆಂಪ್ ಇದೆ, ಗಿಟಾರ್ ಇದೆ, ಪೆಡಲ್‌ಗಳೂ ಇವೆ, ಆದರೂ ಸೌಂಡ್ ಯಾಕೋ ಮನಸ್ಸಿಗೆ ಹಿಡಿಸುತ್ತಿಲ್ಲ ಅನ್ನುವವರಿಗೆ ಇದು. ಮುಂದಿನ ಪೆಡಲ್‌ಗೆ ದುಡ್ಡು ಕೂಡಿಸುವ ಮೊದಲು ಒಂದು ಸಲ ಓದಿ.

ಸ್ಪೀಕರ್ ಬದಲಾಯಿಸಿದರೆ ನಿಜಕ್ಕೂ ಅಷ್ಟೊಂದು ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ನನ್ನ ಪ್ರಕಾರ ಪಿಕಪ್ ಬದಲಾಯಿಸುವುದಕ್ಕಿಂತ ಜಾಸ್ತಿ ಆಗುತ್ತದೆ.

ಹಾಡು ಕೇಳುವ ಸ್ಪೀಕರ್ ಬಂದದ್ದನ್ನು ಇದ್ದ ಹಾಗೆ ಕೊಡಬೇಕು. ಗಿಟಾರ್ ಸ್ಪೀಕರ್ ಹಾಗಲ್ಲ. ಅದು ಹೆಚ್ಚೂ ಕಡಿಮೆ 75 ಹರ್ಟ್ಜ್‌ನಿಂದ 5,000 ಹರ್ಟ್ಜ್ ತನಕ ಕೆಲಸ ಮಾಡುತ್ತದೆ, ಅದರಾಚೆ ಸದ್ದು ಕಡಿದಾಗಿ ಇಳಿದುಹೋಗುತ್ತದೆ. ಗಿಟಾರ್‌ನ ದಪ್ಪ ಇ ತಂತಿ 82 ಹರ್ಟ್ಜ್, ಹಾಗಾಗಿ ಕೆಳಗಡೆ ಅಷ್ಟು ಸಾಕು. ಮೇಲಿನದ್ದೇ ಮುಖ್ಯ ವಿಷಯ. ಡಿಸ್ಟಾರ್ಷನ್ ಹಾಕಿದಾಗ ಆಂಪ್‌ನಿಂದ ಹೊರಡುವ ಸಿಗ್ನಲ್‌ನಲ್ಲಿ ತೀರಾ ಮೇಲಿನ ಹಾರ್ಮಾನಿಕ್ಸ್ (ಮೂಲ ಸ್ವರದ ಜೊತೆ ಬರುವ ಮೇಲಿನ ಸ್ವರಗಳು) ರಾಶಿ ರಾಶಿ ಇರುತ್ತವೆ, ಅವನ್ನು ಸ್ಪೀಕರ್ ಕತ್ತರಿಸಿ ಹಾಕುವುದರಿಂದಲೇ ಅದು ಕೇಳುವ ಹಾಗೆ ಇರುತ್ತದೆ. ಯಾವ ಸ್ಪೀಕರ್ ಎಲ್ಲಿ ಉಬ್ಬುತ್ತದೆ, ಎಲ್ಲಿ ತಗ್ಗುತ್ತದೆ ಅನ್ನುವುದು ಬೇರೆ ಬೇರೆ. ಆಂಪ್‌ನ ಟೋನ್ ನಾಬ್ ತಿರುಗಿಸಿ ಅದನ್ನೆಲ್ಲ ಸರಿಮಾಡಲು ಬರುವುದಿಲ್ಲ.

ಒಂದು ಉದಾಹರಣೆ. 1950ರ ದಶಕದ ಕೊನೆಯ ಫೆಂಡರ್ ಬಾಸ್‌ಮನ್ ಆಂಪ್‌ನಲ್ಲಿ 10 ಇಂಚಿನ ನಾಲ್ಕು ಜೆನ್ಸನ್ ಸ್ಪೀಕರ್‌ಗಳು, ಹಿಂಬದಿ ತೆರೆದ ಪೆಟ್ಟಿಗೆ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಅವರ ಹುಡುಗರು 1962-63ರ ಸುಮಾರಿಗೆ ಅದೇ ಸರ್ಕ್ಯೂಟ್ ನೋಡಿಕೊಂಡು ಜೆಟಿಎಂ45 ಮಾಡಿದರು. ಆದರೆ ಅದರ ಜೊತೆ ಕೊಟ್ಟದ್ದು ಸೆಲೆಸ್ಟಿಯನ್‌ನ 12 ಇಂಚಿನ ನಾಲ್ಕು ಸ್ಪೀಕರ್ ಇರುವ, ಹಿಂಬದಿ ಮುಚ್ಚಿದ ಪೆಟ್ಟಿಗೆ. ಒಳಗೆ ಒಂದೆರಡು ವಾಲ್ವ್ (ಸಿಗ್ನಲ್ ದೊಡ್ಡದು ಮಾಡುವ ಗಾಜಿನ ಟ್ಯೂಬ್) ಬೇರೆ ಥರದ್ದು ಇದ್ದವು, ನಿಜ. ಆದರೂ ಎರಡೂ ಆಂಪ್ ನಮ್ಮ ಕಿವಿಗೆ ಬೇರೆ ಬೇರೆ ಲೋಕದವು ಅನ್ನಿಸುವುದರಲ್ಲಿ ಪೆಟ್ಟಿಗೆ ಮತ್ತು ಸ್ಪೀಕರ್‌ನ ಪಾಲು ದೊಡ್ಡದು.

ಮನೆಯಲ್ಲಿ ಹಳೆ ಪಿಎ ಸ್ಪೀಕರ್ (ಸಭೆ, ಕಾರ್ಯಕ್ರಮಗಳಲ್ಲಿ ಇಡುವಂಥದ್ದು) ಬಿದ್ದಿದೆ, ಕಾರ್ ಸ್ಪೀಕರ್ ಕೂಡ ಇದೆ. ಅದನ್ನೇ ಹಾಕಬಹುದಾ?

ಸದ್ದು ಬರುತ್ತದೆ. ಕ್ಲೀನ್ ಆಗಿ ನುಡಿಸಿದರೆ ಪರವಾಗಿಲ್ಲ ಅಂತಲೂ ಅನ್ನಿಸಬಹುದು. ಡಿಸ್ಟಾರ್ಷನ್ ಆನ್ ಮಾಡಿ ನೋಡಿ, ಡಬ್ಬಿಯೊಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಕೇಳಿಸುತ್ತದೆ. ಟ್ವೀಟರ್ ಇದ್ದರಂತೂ ಮುಗಿಯಿತು. ಕಾರ್ ಸ್ಪೀಕರ್ ಸಾಮಾನ್ಯವಾಗಿ 4 ಓಮ್ (ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆಯ ಲೆಕ್ಕ), ಸೆನ್ಸಿಟಿವಿಟಿಯೂ (ಕೊಟ್ಟ ಪವರ್‌ಗೆ ಎಷ್ಟು ಜೋರು ಅನ್ನುವುದು) ಕಡಿಮೆ. ಬೇಡ ಬಿಡಿ.

ಇದಕ್ಕೊಂದು ಅಪವಾದ ಇದೆ: ಮಲ್ಟಿ ಎಫೆಕ್ಟ್ ಅಥವಾ ಮಾಡೆಲರ್ (ಆಂಪ್‌ಗಳ ಸೌಂಡ್ ಅನುಕರಿಸುವ ಡಿಜಿಟಲ್ ಸಾಧನ) ಒಳಗೇ ಕ್ಯಾಬ್ ಸಿಮ್ಯುಲೇಷನ್ (ಕ್ಯಾಬ್, ಅಂದರೆ ಸ್ಪೀಕರ್ ಕ್ಯಾಬಿನೆಟ್‌ನ ಸೌಂಡಿನ ಅನುಕರಣೆ) ಆನ್ ಮಾಡಿಕೊಂಡಿದ್ದರೆ ಪಿಎ ಸ್ಪೀಕರೇ ಸರಿ. ಆಗ ಗಿಟಾರ್ ಸ್ಪೀಕರ್ ಹಾಕಿದರೆ ಎರಡೆರಡು ಸಲ ಸೋಸಿದಂತಾಗಿ ಸೌಂಡ್ ಮಂಕಾಗುತ್ತದೆ.

ನನ್ನ ಆಂಪ್ 50 ವಾಟ್. ಸ್ಪೀಕರ್ ಎಷ್ಟು ವಾಟಿನದ್ದು ಇರಬೇಕು?

50 ಸಾಲದು, ಅದಕ್ಕಿಂತ ಜಾಸ್ತಿ ಇರಲಿ. ವಾಲ್ವ್ ಆಂಪ್ ಮೇಲೆ ಬರೆದಿರುವ 50 ಅನ್ನುವುದು ಕ್ಲೀನ್ ಆಗಿ ಕೊಡುವ ಲೆಕ್ಕ. ಪೂರ್ತಿ ತಿರುಗಿಸಿ ಡಿಸ್ಟಾರ್ಟ್ ಮಾಡಿದಾಗ ಅದಕ್ಕಿಂತ ಎಷ್ಟೋ ಜಾಸ್ತಿ ಹೊರಬರುತ್ತದೆ. ಒಂದೇ ಸ್ಪೀಕರ್ ಹಾಕುವುದಾದರೆ ಆಂಪ್‌ನ ವಾಟಿನ ಒಂದೂವರೆ ಪಟ್ಟು, ಸಾಧ್ಯವಾದರೆ ಎರಡು ಪಟ್ಟು ಇಟ್ಟುಕೊಳ್ಳಿ.

ಎರಡು ಸ್ಪೀಕರ್ ಇದ್ದರೆ ಕೆಲಸ ಹಂಚಿಹೋಗುತ್ತದೆ. ಒಂದು ವಿಷಯ ಬಹಳ ಜನ ಮರೆಯುತ್ತಾರೆ. ಒಂದು 25 ವಾಟಿನದ್ದು, ಇನ್ನೊಂದು 60 ವಾಟಿನದ್ದು ಸೇರಿಸಿದರೆ ಕ್ಯಾಬ್ 85 ವಾಟ್ ತಡೆಯುತ್ತದೆ ಅಂತ ಅಲ್ಲ. ಓಮ್ ಒಂದೇ ಇದ್ದಾಗ ಇಬ್ಬರಿಗೂ ಸಮಪಾಲು, ಹಾಗಾಗಿ ಚಿಕ್ಕದರ ಎರಡರಷ್ಟು, ಅಂದರೆ 50 ವಾಟ್ ಅಷ್ಟೇ.

ಸೆಲೆಸ್ಟಿಯನ್ ವಿಂಟೇಜ್ 30 ಅನ್ನು 30 ವಾಟಿನದು ಅಂದುಕೊಂಡು ಬಿಟ್ಟುಬಿಡುವವರೂ ಇದ್ದಾರೆ. ಅದು 60 ವಾಟಿನ ಸ್ಪೀಕರ್.

ಜಾಸ್ತಿ ವಾಟಿನ ಸ್ಪೀಕರ್ ಜಾಸ್ತಿ ಜೋರಾಗಿ ಕೇಳಿಸುತ್ತದೆ ಅಲ್ವಾ?

ಇಲ್ಲ! ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು, ಎಲ್ಲಕ್ಕಿಂತ ಜಾಸ್ತಿ ಗೊಂದಲ ಇರುವುದೂ ಇಲ್ಲೇ. ವಾಟ್ ಅಂದರೆ ಸ್ಪೀಕರ್ ಸುಟ್ಟುಹೋಗದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಲೆಕ್ಕ. ಎಷ್ಟು ಜೋರು ಅನ್ನುವುದನ್ನು ಹೇಳುವುದು ಸೆನ್ಸಿಟಿವಿಟಿ, ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅನ್ನುವ ಅಂಕಿ. ಇದು ಪ್ರತಿ ಸ್ಪೀಕರ್‌ನ ಡೇಟಾಶೀಟ್‌ನಲ್ಲಿ ಇರುತ್ತದೆ, ಯಾರೂ ನೋಡುವುದಿಲ್ಲ.

ಸೆಲೆಸ್ಟಿಯನ್‌ನದ್ದೇ ನೋಡಿ. ಜಿ12ಟಿ-75 ಅನ್ನುವುದು 75 ವಾಟ್, 97 ಡೆಸಿಬೆಲ್. ಗ್ರೀನ್‌ಬ್ಯಾಕ್ 25 ವಾಟ್, 98 ಡೆಸಿಬೆಲ್. ವಿಂಟೇಜ್ 30 ಆದರೆ 60 ವಾಟ್, 100 ಡೆಸಿಬೆಲ್. ಬ್ಲೂ ಬರೀ 15 ವಾಟ್, ಅದೂ 100 ಡೆಸಿಬೆಲ್! ಅಂದರೆ 15 ವಾಟಿನ ಬ್ಲೂ 75 ವಾಟಿನ ಸ್ಪೀಕರ್‌ಗಿಂತ ಜೋರು, ಒಂದೇ ಆಂಪ್‌ಗೆ ಸಿಕ್ಕಿಸಿದಾಗ.

3 ಡೆಸಿಬೆಲ್ ಅಂದರೆ ಸಣ್ಣದಲ್ಲ, ಆಂಪ್‌ನ ಪವರ್ ಎರಡು ಪಟ್ಟು ಮಾಡಿದಂತೆ. 15 ವಾಟಿನ ಆಂಪ್‌ಗೆ 100 ಡೆಸಿಬೆಲ್‌ನ ಸ್ಪೀಕರ್ ಹಾಕಿದರೂ, 30 ವಾಟಿನ ಆಂಪ್‌ಗೆ 97ರದ್ದು ಹಾಕಿದರೂ ಹೊರಗೆ ಬರುವ ಜೋರು ಒಂದೇ. ಡ್ರಮ್ಸ್ ಮುಂದೆ ನಿಮ್ಮ ಆಂಪ್ ಕೇಳಿಸುತ್ತಿಲ್ಲ ಅಂದರೆ ದೊಡ್ಡ ಆಂಪ್ ಕೊಳ್ಳುವ ಮೊದಲು ಈ ಅಂಕಿ ನೋಡಿ. ಮನೆಯಲ್ಲಿ ಅತಿಯಾಯಿತು ಅಂದರೂ ಇದೇ ಅಂಕಿ, ತಿರುಗಾಮುರುಗಾ.

ನಾನು ಅಪಾರ್ಟ್‌ಮೆಂಟ್‌ನಲ್ಲಿ ನುಡಿಸುವುದು. ಏನು ತೆಗೆದುಕೊಳ್ಳಲಿ?

ಮೊದಲು ಒಂದು ಲೆಕ್ಕ. 100 ಡೆಸಿಬೆಲ್‌ನ ಸ್ಪೀಕರ್‌ಗೆ ಬರೀ 1 ವಾಟ್ ಹೋದರೂ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಜನವಸತಿ ಪ್ರದೇಶಕ್ಕೆ ಇಟ್ಟಿರುವ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45. ಪಕ್ಕದ ಮನೆಯ ಆಂಟಿಗೆ ನಿಯಮ ಗೊತ್ತಿರಬೇಕಾಗಿಲ್ಲ, ಬಾಗಿಲು ತಟ್ಟುತ್ತಾರೆ. ಹಾಗಾಗಿ 5 ವಾಟಿನ ವಾಲ್ವ್ ಆಂಪ್ ‘ಮನೆಗೆ ಹೇಳಿ ಮಾಡಿಸಿದ್ದು’ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ, ಪೂರ್ತಿ ತಿರುಗಿಸಿದರೆ 5 ವಾಟ್ ಕೂಡ ಡ್ರಮ್ಮರ್ ಜೊತೆ ಪ್ರಾಕ್ಟೀಸ್ ಮಾಡುವಷ್ಟು ಜೋರು.

ಮನೆಗೆ 12 ಇಂಚಿನ ಒಂದೇ ಸ್ಪೀಕರ್, ಸೆನ್ಸಿಟಿವಿಟಿ ಕಡಿಮೆ ಇರುವುದು, ಮತ್ತು ಪವರ್ ಇಳಿಸುವ ಸ್ವಿಚ್ ಇರುವ ಆಂಪ್ ಸಾಕು. ಬಾಸ್ ಕಟಾನಾ 50ರಂಥವುಗಳಲ್ಲಿ ಅರ್ಧ ವಾಟಿಗೆ ಇಳಿಸುವ ಸೌಲಭ್ಯ ಇದೆ. ಕ್ಯಾಬ್ ಅನ್ನು ನೆಲಕ್ಕೆ ನೇರವಾಗಿ ಇಡದೆ ಕೆಳಗೆ ದಪ್ಪ ಫೋಮ್ ಹಾಕಿ, ಕೆಳಗಿನ ಮನೆಗೆ ಹೋಗುವ ಗುಡುಗು ಸ್ವಲ್ಪ ತಗ್ಗುತ್ತದೆ. ಇನ್ನೊಂದು ಮಾತು: ಸಣ್ಣ ವಾಲ್ಯೂಮ್‌ನಲ್ಲಿ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ, ಅದು ಸ್ಪೀಕರ್‌ನ ತಪ್ಪಲ್ಲ. ಅದಕ್ಕಾಗಿ ಸ್ಪೀಕರ್ ಬದಲಾಯಿಸಿದರೆ ದುಡ್ಡು ದಂಡ.

ಈ ಓಮ್ ಲೆಕ್ಕ ತಲೆಗೆ ಹೋಗುತ್ತಿಲ್ಲ. ಸುಲಭವಾಗಿ ಹೇಳಿ.

ಆಂಪ್ ಹಿಂದೆ 4, 8, 16 ಅಂತ ಬರೆದಿರುತ್ತದೆ. ಕ್ಯಾಬ್ ಹಿಂದೆಯೂ ಒಂದು ಅಂಕಿ ಇರುತ್ತದೆ. ಎರಡೂ ಒಂದೇ ಆಗಿರಬೇಕು. ಒಂದೇ ಸ್ಪೀಕರ್ ಇದ್ದರೆ ಕಥೆ ಇಷ್ಟೇ.

ಎರಡು ಸ್ಪೀಕರ್ ಇದ್ದಾಗ, ಸೀರೀಸ್, ಅಂದರೆ ಒಂದರ ಹಿಂದೊಂದು ಜೋಡಿಸಿದ್ದರೆ ಕೂಡಿಸಿ, ಪ್ಯಾರಲಲ್, ಅಂದರೆ ಅಕ್ಕಪಕ್ಕ ಜೋಡಿಸಿದ್ದರೆ (ಎರಡೂ ಒಂದೇ ಇದ್ದಾಗ) ಅರ್ಧ ಮಾಡಿ. 8 ಓಮ್‌ನ ಎರಡು ಸೀರೀಸ್‌ನಲ್ಲಿ 16, ಪ್ಯಾರಲಲ್‌ನಲ್ಲಿ 4. ನಾಲ್ಕು ಸ್ಪೀಕರ್ ಇದ್ದರೆ ಎರಡೆರಡನ್ನು ಸೀರೀಸ್ ಮಾಡಿ ಆ ಜೋಡಿಗಳನ್ನು ಪ್ಯಾರಲಲ್ ಮಾಡುತ್ತಾರೆ, ಆಗ ಒಂದು ಸ್ಪೀಕರ್‌ನದ್ದು ಎಷ್ಟೋ ಕ್ಯಾಬ್‌ನದ್ದೂ ಅಷ್ಟೇ. ಆಂಪ್ ಹಿಂದೆ ಇರುವ ಎರಡು ಸ್ಪೀಕರ್ ಜಾಕ್‌ಗಳು ಸಾಮಾನ್ಯವಾಗಿ ಪ್ಯಾರಲಲ್. ಅಂದರೆ ಎರಡು 16 ಓಮ್‌ನ ಕ್ಯಾಬ್ ಸಿಕ್ಕಿಸಿದರೆ ಆಂಪ್‌ನ ಸ್ವಿಚ್ 8ರಲ್ಲಿ ಇರಬೇಕು.

ಬಳಸಿದ ಕ್ಯಾಬ್ ಮೇಲೆ ಏನೂ ಬರೆದಿಲ್ಲವಾ? ಸ್ಪೀಕರ್ ಕೇಬಲ್ ಸಿಕ್ಕಿಸಿ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಮೀಟರ್ ತೋರಿಸುವುದು ಬರೆದ ಅಂಕಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. 6-7 ಬಂದರೆ ಅದು 8 ಓಮ್, 12-13 ಬಂದರೆ 16. ಏನೂ ತೋರಿಸದಿದ್ದರೆ ಕಾಯಿಲ್ (ಸ್ಪೀಕರ್ ಒಳಗಿನ ತಂತಿ ಸುರುಳಿ) ಸುಟ್ಟಿದೆ ಅಥವಾ ಒಳಗೆ ವೈರ್ ಬಿಟ್ಟಿದೆ.

ತಪ್ಪು ಓಮ್ ಹಾಕಿದರೆ ಏನಾಗುತ್ತದೆ?

ಆಂಪ್ ಯಾವ ಜಾತಿಯದ್ದು ಅನ್ನುವುದರ ಮೇಲೆ. ಸಾಲಿಡ್ ಸ್ಟೇಟ್ (ವಾಲ್ವ್ ಬದಲು ಟ್ರಾನ್ಸಿಸ್ಟರ್ ಇರುವ) ಆಂಪ್‌ಗೆ ಕನಿಷ್ಠ ಓಮ್ ಇರುತ್ತದೆ, ಅದಕ್ಕಿಂತ ಕೆಳಗೆ ಹೋಗಬಾರದು, ಮೇಲೆ ಹೋದರೆ ಪವರ್ ಕಡಿಮೆ ಆಗುತ್ತದೆ ಅಷ್ಟೇ. ವಾಲ್ವ್ ಆಂಪ್‌ನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಎರಡೂ ಕಡೆಗೆ ಮಿತಿ ಇದೆ. ಒಂದು ಮೆಟ್ಟಿಲು ಆಚೀಚೆ ಆದರೆ ಎಷ್ಟೋ ಆಂಪ್ ಸುಮ್ಮನೆ ಸಹಿಸಿಕೊಳ್ಳುತ್ತವೆ, ಆದರೆ ಸುಮ್ನೆ ಯಾಕೆ ರಿಸ್ಕ್, ಸರಿಯಾಗಿ ಹೊಂದಿಸಿ.

ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಆನ್ ಮಾಡಿ ನುಡಿಸುವುದು ಮಾತ್ರ ಯಾವತ್ತೂ ಬೇಡ. ಹೊರಗೆ ಹೋಗಬೇಕಾದ ಶಕ್ತಿಗೆ ದಾರಿ ಇಲ್ಲದೆ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಒಳಗಿನ ಇನ್ಸುಲೇಷನ್ ಸುಟ್ಟುಹೋಗಬಹುದು. ಆ ರಿಪೇರಿಯ ಬಿಲ್ಲಿನಲ್ಲಿ ಒಂದು ಒಳ್ಳೆ ಸ್ಪೀಕರ್ ಬರುತ್ತದೆ.

ಬ್ರಿಟಿಷ್ ಸೌಂಡ್, ಅಮೆರಿಕನ್ ಸೌಂಡ್ ಅಂತಾರಲ್ಲ, ಏನದು?

ಸ್ಥೂಲವಾದ ವಿಂಗಡಣೆ, ಆದರೆ ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ. ಬ್ರಿಟಿಷ್ ಅಂದರೆ ಹೆಚ್ಚಾಗಿ ಸೆಲೆಸ್ಟಿಯನ್. 1924ರಲ್ಲಿ ಶುರುವಾದ ಇಂಗ್ಲೆಂಡಿನ ಕಂಪನಿ, ಈಗ ಇಪ್ಸ್‌ವಿಚ್‌ನಲ್ಲಿದೆ. ಮಿಡ್ (ನಡುವಿನ ಸ್ವರಗಳು) ಮುಂದೆ ಬರುತ್ತದೆ, ಸ್ವಲ್ಪ ಒರಟು, ಡಿಸ್ಟಾರ್ಷನ್‌ಗೆ ಹೇಳಿ ಮಾಡಿಸಿದ್ದು. ಅಮೆರಿಕನ್ ಅಂದರೆ ಜೆನ್ಸನ್, ಜೆಬಿಎಲ್, ಮತ್ತು ಕೆಂಟಕಿಯ ಎಮಿನೆನ್ಸ್. ಬೇಸ್ ಮತ್ತು ಟ್ರೆಬಲ್ ಎರಡೂ ತೆರೆದುಕೊಂಡಿರುತ್ತವೆ, ಮಿಡ್ ಹಿಂದೆ ಸರಿದಿರುತ್ತದೆ, ಕ್ಲೀನ್ ಫಳಫಳ ಅನ್ನುತ್ತದೆ. ಎಮಿನೆನ್ಸ್ ಎರಡೂ ಬಗೆಯ ಸ್ಪೀಕರ್ ಮಾಡುತ್ತದೆ, ಹಾಗಾಗಿ ಊರಿನ ಹೆಸರು ನೋಡಿ ಕೊಳ್ಳಬೇಡಿ.

ಯಾವುದನ್ನಾದರೂ ಒಂದು ಹೇಳಿ ಅಂದರೆ: ರಾಕ್, ಬ್ಲೂಸ್ ನುಡಿಸುವವರಿಗೆ ಗ್ರೀನ್‌ಬ್ಯಾಕ್, ಅಥವಾ ಅದೇ ಗುಣದ 65 ವಾಟಿನ ಕ್ರೀಮ್‌ಬ್ಯಾಕ್. ಮೆಟಲ್‌ಗೆ ವಿಂಟೇಜ್ 30. ಅದರ ಮೇಲಿನ ಮಿಡ್ ಚುಚ್ಚುತ್ತದೆ ಅಂತ ಬೈಯುವವರೂ ಬಹಳ, ಆದರೆ ಬ್ಯಾಂಡಿನಲ್ಲಿ ಎರಡನೇ ಗಿಟಾರ್, ಕೀಬೋರ್ಡ್ ಎಲ್ಲ ಇದ್ದಾಗ ಆ ಚುಚ್ಚುವ ಗುಣವೇ ನಿಮ್ಮನ್ನು ಕೇಳಿಸುವ ಹಾಗೆ ಮಾಡುತ್ತದೆ. ಪೆಡಲ್‌ಗಳ ಮೇಲೇ ನಡೆಯುವವರಿಗೆ, ಚರ್ಚ್, ಸಿನಿಮಾ ಹಾಡು, ಫ್ಯೂಷನ್ ನುಡಿಸುವವರಿಗೆ ಅಮೆರಿಕನ್ ಜಾತಿಯದ್ದು.

ಅಲ್ನಿಕೊಗೆ ಅಷ್ಟು ದುಡ್ಡು ಕೊಡಬೇಕಾ?

ನನ್ನ ಉತ್ತರ, ಮೊದಲ ಸ್ಪೀಕರ್‌ಗೆ ಬೇಡ. ಅಲ್ನಿಕೊ ಅಂದರೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿದ ಮ್ಯಾಗ್ನೆಟ್. ಕೋಬಾಲ್ಟ್ ತುಟ್ಟಿ, ಹಾಗಾಗಿ ಸ್ಪೀಕರೂ ತುಟ್ಟಿ. ಜೋರಾಗಿ ಬಾರಿಸಿದಾಗ ಸದ್ದು ಸ್ವಲ್ಪ ಮೆತ್ತಗೆ ಒತ್ತಿದಂತಾಗುತ್ತದೆ, ವಾಕ್ಸ್ ಎಸಿ30ಯ ಆ ಗಂಟೆಯಂಥ ನಾದ ಬ್ಲೂ ಸ್ಪೀಕರ್‌ನದ್ದು. ಸೆರಾಮಿಕ್ ಅಗ್ಗ, ಗ್ರೀನ್‌ಬ್ಯಾಕ್ ಮತ್ತು ವಿಂಟೇಜ್ 30 ಎರಡೂ ಸೆರಾಮಿಕ್ಕೇ. ನಿಯೋಡಿಮಿಯಂ ಹಗುರ. ಮೆಟ್ರೊದಲ್ಲಿ, ಬಸ್ಸಿನಲ್ಲಿ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಇರುವುದು) ಹೊತ್ತುಕೊಂಡು ಓಡಾಡುವವರಿಗೆ ಅದರ ಬೆಲೆ ಗೊತ್ತು.

10 ಇಂಚಾ, 12 ಇಂಚಾ?

12. ಬೇರೆ ಕಾರಣ ಇಲ್ಲದಿದ್ದರೆ 12. ಆಯ್ಕೆ ಜಾಸ್ತಿ, ಸುಲಭವಾಗಿ ಸಿಗುತ್ತದೆ, ಮಾರಲೂ ಸುಲಭ. 10 ಇಂಚಿನದ್ದು ಚುರುಕಾಗಿರುತ್ತದೆ, ಎರಡೋ ನಾಲ್ಕೋ ಸೇರಿದರೆ ಚೆನ್ನ. 8 ಇಂಚು ಬೆಡ್‌ರೂಮಿಗೆ ಸರಿ.

ಹಿಂಬದಿ ತೆರೆದ ಕ್ಯಾಬ್, ಮುಚ್ಚಿದ ಕ್ಯಾಬ್, ಯಾವುದು?

ಸ್ಪೀಕರ್‌ನ ಕೋನ್ (ಕಂಪಿಸುವ ಕಾಗದದ ಭಾಗ) ಮುಂದಕ್ಕೆ ತಳ್ಳಿದಾಗ ಹಿಂದಕ್ಕೂ ಸದ್ದು ಹೋಗುತ್ತದೆ, ಉಲ್ಟಾ ಆಗಿ. ಹಿಂಬದಿ ತೆರೆದಿದ್ದರೆ ಕೆಳಗಿನ ಸ್ವರಗಳು ಸುತ್ತಿ ಬಂದು ಮುಂದಿನದನ್ನು ಸ್ವಲ್ಪ ಮಟ್ಟಿಗೆ ಅಳಿಸಿಹಾಕುತ್ತವೆ. ಅದಕ್ಕೇ ಬೇಸ್ ಸಡಿಲ, ಆದರೆ ರೂಮ್ ತುಂಬಾ ಸದ್ದು ಹರಡುತ್ತದೆ. ಫೆಂಡರ್ ಡಿಲಕ್ಸ್ ರಿವರ್ಬ್, ಟ್ವಿನ್ ರಿವರ್ಬ್, ವಾಕ್ಸ್ ಎಸಿ30 ಎಲ್ಲ ಹೀಗೇ. ಹಿಂದಿನ ಗೋಡೆಯಿಂದ ಎಷ್ಟು ದೂರ ಇಟ್ಟಿದ್ದೀರಿ ಅನ್ನುವುದರ ಮೇಲೆ ಸೌಂಡ್ ಬದಲಾಗುತ್ತದೆ, ಒಂದು ಅಡಿ ಸರಿಸಿ ನೋಡಿ.

ಮುಚ್ಚಿದ್ದು ಗಟ್ಟಿ. ಪಾಮ್ ಮ್ಯೂಟ್ ಮಾಡಿದರೆ (ತಂತಿಗೆ ಅಂಗೈ ಅಂಚು ಒತ್ತಿ ನುಡಿಸಿದರೆ) ಎದೆಗೆ ಬಂದು ತಾಗುತ್ತದೆ. ಆದರೆ ಸದ್ದು ನೇರ ಮುಂದಕ್ಕೆ, ಪಕ್ಕದಲ್ಲಿ ನಿಂತವರಿಗೆ ಮಂಕು. ಡ್ರಾಪ್ ಡಿ (ದಪ್ಪ ಇ ತಂತಿಯನ್ನು ಡಿಗೆ ಇಳಿಸುವುದು), 7 ತಂತಿ ಅಂತ ಹೋಗುವವರಿಗೆ ಮುಚ್ಚಿದ್ದೇ ಬೇಕು. ಎರಡರ ನಡುವೆ ಒದ್ದಾಡುತ್ತಿದ್ದರೆ, ಹಿಂಬದಿ ಹಲಗೆಯನ್ನು ಎರಡು ಮೂರು ತುಂಡಾಗಿ ಮಾಡಿಸಿ ಸ್ಕ್ರೂ ಹಾಕಿಸಿ. ನಡುವಿನದ್ದು ಬಿಚ್ಚಿದರೆ ತೆರೆದದ್ದು, ಹಾಕಿದರೆ ಮುಚ್ಚಿದ್ದು.

ಯಾವುದೇ ಆಗಲಿ, ಕ್ಯಾಬ್ ಕಾಲ ಬಳಿ ಇಟ್ಟುಕೊಂಡು ಟ್ರೆಬಲ್ ಏರಿಸುವ ಅಭ್ಯಾಸ ಬಿಡಿ. ಟ್ರೆಬಲ್ ಸ್ಪೀಕರ್‌ನ ನೇರಕ್ಕೆ ಕಿರಣದ ಹಾಗೆ ಹೋಗುತ್ತದೆ, ನಿಮ್ಮ ಮೊಣಕಾಲಿಗೆ ಕೇಳಿಸುತ್ತದೆ, ಎದುರು ಕೂತವರ ಕಿವಿ ಹರಿಯುತ್ತದೆ. ಕುರ್ಚಿ ಮೇಲೆ ಇಡಿ ಅಥವಾ ಹಿಂದಕ್ಕೆ ವಾಲಿಸಿ.

ನಾಲ್ಕು ಸ್ಪೀಕರ್‌ನ ದೊಡ್ಡ ಕ್ಯಾಬ್ ಕೊಳ್ಳುವ ಆಸೆ.

ಫೋಟೊಗೆ ಚೆನ್ನಾಗಿರುತ್ತದೆ. ಮಾರ್ಷಲ್ 1960ಯಂಥ ಕ್ಯಾಬ್ 35 ಕಿಲೋಗಿಂತ ಜಾಸ್ತಿ ತೂಗುತ್ತದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂದರೆ ಯೋಚನೆ ಮಾಡಿ. ಈಗ ಹೆಚ್ಚಿನ ಕಡೆ ಮೈಕ್ ಇಟ್ಟು ಪಿಎಗೆ ಕೊಡುತ್ತಾರೆ, ಮೈಕ್ ಇಡುವುದು ಒಂದೇ ಸ್ಪೀಕರ್ ಮುಂದೆ, ಉಳಿದ ಮೂರು ಯಾರಿಗೆ? ಎರಡು ಸ್ಪೀಕರ್‌ನ ಮುಚ್ಚಿದ ಕ್ಯಾಬ್ ಬ್ಯಾಂಡಿಗೆ ಧಾರಾಳ ಸಾಕು. ಆಟೊದಲ್ಲಿ ಹಿಡಿಸುವುದು ಒಂದು ಸ್ಪೀಕರ್‌ನದ್ದು.

ಎರಡು ಬೇರೆ ಬೇರೆ ಸ್ಪೀಕರ್ ಒಟ್ಟಿಗೆ ಹಾಕಬಹುದಾ?

ಹಾಕಿ, ಮಜವಾಗಿರುತ್ತದೆ. ಗ್ರೀನ್‌ಬ್ಯಾಕ್ ಜೊತೆ ವಿಂಟೇಜ್ 30 ಹಳೆಯ ಜೋಡಿ, ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಓಮ್ ಒಂದೇ ಇರಬೇಕು, ಸೆನ್ಸಿಟಿವಿಟಿ ಹತ್ತಿರ ಹತ್ತಿರ ಇರಬೇಕು, ಇಲ್ಲವಾದರೆ ಜೋರಿನದ್ದು ಇನ್ನೊಂದನ್ನು ನುಂಗಿಹಾಕುತ್ತದೆ.

ಪೊಲಾರಿಟಿ ನೋಡಿಕೊಳ್ಳಿ. ಒಂದು 1.5 ವೋಲ್ಟ್ ಸೆಲ್ ತೆಗೆದುಕೊಂಡು ಪ್ಲಸ್ ಅನ್ನು ಸ್ಪೀಕರ್‌ನ ಪ್ಲಸ್‌ಗೆ ಕ್ಷಣ ಮಾತ್ರ ತಾಗಿಸಿದರೆ ಕೋನ್ ಮುಂದಕ್ಕೆ ಬರಬೇಕು. ಹಳೆಯ ಜೆಬಿಎಲ್‌ಗಳಲ್ಲಿ ಇದು ಉಲ್ಟಾ. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಹೋದರೆ ಬೇಸ್ ಮಾಯ, ಸೌಂಡ್ ಟೊಳ್ಳು.

ಬಡಗಿ ಹತ್ತಿರ ಕ್ಯಾಬ್ ಮಾಡಿಸಬಹುದಾ?

ಖಂಡಿತ. ಒಂದು ಸ್ಪೀಕರ್‌ನ ಪೆಟ್ಟಿಗೆ ಅಂದರೆ ಒಬ್ಬ ಒಳ್ಳೆ ಬಡಗಿಗೆ ಅಡುಗೆಮನೆಯ ಕಪಾಟಿಗಿಂತ ಸುಲಭದ ಕೆಲಸ. ಹೊರದೇಶದವರು ಬರ್ಚ್ ಪ್ಲೈವುಡ್ ಅನ್ನುತ್ತಾರೆ, ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನಮ್ಮಲ್ಲಿ ಐಎಸ್ 710 ಗುರುತಿನ ಮರೀನ್ ಪ್ಲೈ 18 ಎಂಎಂ ಸಾಕು, ಒಳಗೆ ಟೊಳ್ಳು ಇರದ ಒಳ್ಳೆ ಹಲಗೆ ನೋಡಿ ತನ್ನಿ. ಸ್ವಲ್ಪ ಭಾರ ಆಗುತ್ತದೆ. ಪಾರ್ಟಿಕಲ್ ಬೋರ್ಡ್ ಬೇಡ, ಕರಾವಳಿಯ ಮಳೆಗಾಲದಲ್ಲಿ ಊದಿಕೊಂಡು ಸ್ಕ್ರೂ ಹಿಡಿತ ಬಿಡುತ್ತದೆ. ಫೆಂಡರ್‌ನ ಹಳೆಯ ಟ್ವೀಡ್ ಕಾಂಬೊಗಳು ಪೈನ್ ಮರದವು, ಅವು ಹಗುರ, ಪೆಟ್ಟಿಗೆಯೇ ಸ್ವಲ್ಪ ಜೊತೆಗೆ ನಡುಗುತ್ತದೆ. ಕೆಲವರಿಗೆ ಅದೇ ಇಷ್ಟ.

ಗಿಟಾರ್ ಕ್ಯಾಬ್‌ಗೆ ಹೈಫೈ ಸ್ಪೀಕರ್‌ನಷ್ಟು ಲೀಟರ್ ಲೆಕ್ಕ ಬೇಕಾಗಿಲ್ಲ. 12 ಇಂಚಿನ ಒಂದಕ್ಕೆ 50 ಸೆಂ.ಮೀ. ಅಗಲ, 45 ಎತ್ತರ, 28 ಆಳ ಆಸುಪಾಸು ಇದ್ದರೆ ಆಯಿತು. ಸ್ಪೀಕರ್‌ನ ತೂತು ಸುಮಾರು 28 ಸೆಂ.ಮೀ., ಆದರೆ ನಿಮ್ಮ ಸ್ಪೀಕರ್‌ನ ಡೇಟಾಶೀಟ್ ನೋಡಿಯೇ ಕೊರೆಸಿ. ಸ್ಪೀಕರ್ ಹಿಡಿಯಲು ಮರದ ಸ್ಕ್ರೂ ಹಾಕಿಸಬೇಡಿ, ಟಿ-ನಟ್ ಮತ್ತು ಬೋಲ್ಟ್ ಹಾಕಿಸಿ, ಇನ್ನೊಂದು ಸ್ಪೀಕರ್ ಹಾಕುವ ದಿನ ಬಂದೇ ಬರುತ್ತದೆ. ಕೀಲುಗಳಲ್ಲಿ ಅಂಟು ಧಾರಾಳವಾಗಿರಲಿ. ಎಲ್ಲಾದರೂ ಸಡಿಲ ಉಳಿದರೆ ಒಂದು ನಿರ್ದಿಷ್ಟ ಸ್ವರ ನುಡಿಸಿದಾಗ ಮಾತ್ರ ಗರ್‌ ಅನ್ನುತ್ತದೆ, ಹುಡುಕಿ ಹುಡುಕಿ ಸಾಕಾಗುತ್ತದೆ.

ಗಿಟಾರ್ ಕೇಬಲ್‌ನಲ್ಲೇ ಕ್ಯಾಬ್ ಸಿಕ್ಕಿಸಿದರೆ?

ಜಾಕ್ ಒಂದೇ ಥರ ಇದೆ ಅಂತ ಹಾಗೆ ಮಾಡಬೇಡಿ. ಗಿಟಾರ್ ಕೇಬಲ್‌ನ ಒಳ ತಂತಿ ಸಪೂರ, ಸ್ಪೀಕರ್‌ನ ಕರೆಂಟ್‌ಗೆ ಬಿಸಿಯಾಗಿ ಕೈಕೊಡಬಹುದು, ವಾಲ್ವ್ ಆಂಪ್ ಆದರೆ ಸ್ಪೀಕರ್ ಇಲ್ಲದ ಸ್ಥಿತಿಯೇ ಬಂದ ಹಾಗೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೋ 1.5 ಸ್ಕ್ವೇರ್ ಎಂಎಂನ ಎರಡು ಎಳೆಯ ತಾಮ್ರದ ವೈರ್, ಎರಡು ಒಳ್ಳೆ ಮೋನೊ ಜಾಕ್ ತಂದು ಸಾಲ್ಡರ್ ಮಾಡಿಸಿ. ಹೆಸರಾಂತ ಕೇಬಲ್‌ನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲೆ ‘ಸ್ಪೀಕರ್’ ಅಂತ ಟೇಪ್ ಅಂಟಿಸಿ ಇಡಿ.

ಹೊಸ ಸ್ಪೀಕರ್ ಕರ್ಕಶವಾಗಿದೆ. ವಾಪಸ್ ಮಾಡಲಾ?

ಸ್ವಲ್ಪ ದಿನ ಜೋರಾಗಿ ನುಡಿಸಿ. ಹೊಸ ಕೋನ್‌ನ ಅಂಚು ಬಿಗಿಯಾಗಿರುತ್ತದೆ, ಸಡಿಲವಾದ ಮೇಲೆ ಮೊನಚು ತಗ್ಗುತ್ತದೆ. ಆದರೆ ಸ್ಪೀಕರ್‌ನ ಮೂಲ ಗುಣ ಬದಲಾಗುವುದಿಲ್ಲ, ಅಮೆರಿಕನ್ ಇದ್ದದ್ದು ಗ್ರೀನ್‌ಬ್ಯಾಕ್ ಆಗುವುದಿಲ್ಲ.

ಐಆರ್ (ಇಂಪಲ್ಸ್ ರೆಸ್ಪಾನ್ಸ್, ಮೈಕ್ ಇಟ್ಟು ಹಿಡಿದ ಕ್ಯಾಬ್‌ನ ಸೌಂಡಿನ ಡಿಜಿಟಲ್ ಫೈಲ್), ಮಾಡೆಲರ್ ಎಲ್ಲ ಬಂದಮೇಲೆ ಕ್ಯಾಬ್ ಯಾಕೆ?

ರೆಕಾರ್ಡಿಂಗ್‌ಗೆ, ಹೆಡ್‌ಫೋನ್‌ಗೆ ಬೇಕಾಗಿಲ್ಲ, ಖುಷಿಯಾಗಿ ಬಿಡಿ. ಸೆಲೆಸ್ಟಿಯನ್ ತಾನೇ ತನ್ನ ಸ್ಪೀಕರ್‌ಗಳ ಐಆರ್ ಮಾರುತ್ತದೆ. ಆದರೆ ಐಆರ್ ಕೊಡುವುದು ಮೈಕ್ ಕೇಳಿದ ಸೌಂಡ್, ನೀವು ರೂಮಿನಲ್ಲಿ ನಿಂತು ಕೇಳುವ ಸೌಂಡ್ ಅಲ್ಲ. ಗಿಟಾರ್‌ನ ತಂತಿ ಸ್ಪೀಕರ್‌ನ ಸದ್ದಿಗೆ ತಾನೇ ಕಂಪಿಸಿ ಫೀಡ್‌ಬ್ಯಾಕ್ ಹಾಡುವುದು ಬೇಕು ಅಂದರೆ ಕ್ಯಾಬ್ ಬೇಕು. ಹಾಗಂತ ಐಆರ್ ಅನ್ನು ತಳ್ಳಿಹಾಕಬೇಡಿ: ಸ್ಪೀಕರ್ ಕೊಳ್ಳುವ ಮೊದಲು ಅದರ ಐಆರ್ ಹಾಕಿ ನಿಮ್ಮದೇ ಗಿಟಾರ್‌ನಲ್ಲಿ ನುಡಿಸಿ ನೋಡಿ. ಇಲ್ಲಿನ ಅಂಗಡಿಗಳಲ್ಲಿ ಹತ್ತು ಸ್ಪೀಕರ್ ಸಾಲಾಗಿ ಇಟ್ಟು ಕೇಳಿಸುವವರು ಸಿಗುವುದು ಕಷ್ಟ, ಅದಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಸೆಕೆಂಡ್ ಹ್ಯಾಂಡ್ ಸ್ಪೀಕರ್ ಕೊಳ್ಳುವಾಗ ಏನು ನೋಡಲಿ?

ಮೊದಲು ಮಲ್ಟಿಮೀಟರ್. ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನ್ ಮೇಲೆ ಎದುರು ಬದುರು ಇಟ್ಟು ಮೆಲ್ಲಗೆ, ಸಮನಾಗಿ ಒತ್ತಿ. ಗರಗರ ಉಜ್ಜಿದ ಸದ್ದು ಬಂದರೆ ವಾಯ್ಸ್ ಕಾಯಿಲ್ ತಿಕ್ಕುತ್ತಿದೆ, ಬಿಟ್ಟು ಬನ್ನಿ. ಕಾಗದದ ಕೋನ್‌ನಲ್ಲಿ ಸಣ್ಣ ಹರಿದ ಗುರುತು ಇದ್ದರೆ ತೆಳು ಕಾಗದ ಮತ್ತು ಅಂಟಿನಲ್ಲಿ ಸರಿಮಾಡಬಹುದು, ಅದನ್ನು ತೋರಿಸಿ ರೇಟ್ ಇಳಿಸಿ. ಸುಟ್ಟ ವಾಸನೆ ಇದ್ದರೆ ಬೇಡ. ರೀಕೋನ್ ಮಾಡಿಸಿದ್ದು (ಕೋನ್ ಬದಲಾಯಿಸಿದ್ದು) ಅಂದರೆ ಯಾವ ಕೋನ್ ಹಾಕಿದ್ದಾರೆ ಕೇಳಿ, ಮೂಲ ಕಂಪನಿಯದ್ದಲ್ಲದೆ ಸಿಕ್ಕಿದ್ದು ಹಾಕಿದ್ದರೆ ಹಿಂದಿನ ಸ್ಟಿಕರ್‌ನಲ್ಲಿ ಏನೇ ಬರೆದಿದ್ದರೂ ಅದು ಬೇರೆಯೇ ಸ್ಪೀಕರ್. ಕೊನೆಗೆ ದಪ್ಪ ಇ ತಂತಿಯಿಂದ ಶುರುಮಾಡಿ ಒಂದೊಂದೇ ಫ್ರೆಟ್ ಮೇಲೆ ಹೋಗುತ್ತಾ ಕ್ಲೀನ್ ಆಗಿ ನುಡಿಸಿ ಕೇಳಿ. ಡಿಸ್ಟಾರ್ಷನ್ ಹಾಕಿಯೇ ಕೇಳಿಸುತ್ತೇನೆ ಅಂತ ಮಾರುವವರು ಹಟ ಹಿಡಿದರೆ ಅನುಮಾನ ಪಡಿ.